ಕಟ್ಟೆಯ ಮಾತು: ಅಂಗಿಯ ಬಣ್ಣ ಯಾರದು?

ಸಾವಳಗಿಯ ಬಸ್ಸು ನಿಲ್ಲುವೆಡೆ ಚಹದಂಗಡಿಯೊಂದರ ಬಾಕಿನ ಮೇಲೆ ಕೇಳಿಬಂದ ಒಂದು ಮಾತುಕತೆಯನ್ನು ಈ ವಾರ ವಾಚಕರ ಮುಂದಿಡುತ್ತೇನೆ. ಬೆಂಗಳೂರಿನಲ್ಲಿ ಕಲಿಯುತ್ತಿರುವ ಹುಡುಗನೊಬ್ಬ ರಜೆಗೆ ಊರಿಗೆ ಬಂದಿದ್ದ. ಮೈಮೇಲೆ ನೀಲಿ ಬಣ್ಣದ ಆಟದ ಅಂಗಿ. ಎದುರಿಗೆ ಕುಳಿತಿದ್ದ ವೃದ್ಧರು ತಮ್ಮ ಕಾಲದಲ್ಲಿ ಜಾತ್ರೆಯ ಕುಸ್ತಿಗಳನ್ನು ಆಡಿದವರು. ಅವರಿಗೆ ಆ ಅಂಗಿಯ ಮೇಲೆ ಕಣ್ಣು ಬಿತ್ತು.

"ಈ ಅಂಗಿ ಯಾ ಪಾರ್ಟಿದು ತಮ್ಮಾ?"

"ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿಂದ್ರಿ ಅಜ್ಜಾರ."

"ಅದಕ್ಕ ಧಣಿ ಯಾರು?"

"ಉಕ್ಕಿನ ಕಂಪನಿಯವರ್ರಿ."

"ಮತ್ತ ರೊಕ್ಕ ಅವರದು, ಆಳು ಅವರದು, ಆಟಾನೂ ಅವರದು. ನಿಂದೇನೈತಿ ಅದರಾಗ?"

ಹುಡುಗ ನಕ್ಕು ಸುಮ್ಮನಾದ. ಆ ನಗೆಯಲ್ಲಿ ಉತ್ತರವಿರಲಿಲ್ಲ. ಅಜ್ಜನ ಪ್ರಶ್ನೆ ಹಳ್ಳಿಯ ಸರಳ ಪ್ರಶ್ನೆಯೆಂದು ತೋರಿದರೂ, ಕೋಟಿಗಟ್ಟಲೆ ಹಣವುಳ್ಳ ದೊಡ್ಡ ದೊಡ್ಡ ಉದ್ಯಮಪತಿಗಳು ಮುಗ್ಗರಿಸಿ ಬಿದ್ದಿರುವುದು ಇದೇ ಪ್ರಶ್ನೆಯ ಹೊಸ್ತಿಲಿನಲ್ಲಿ. ಕ್ಲಬ್ಬನ್ನು ಕೊಳ್ಳಬಹುದು, ಅದರ ಹಿಂದೆ ನಿಂತ ಜನರನ್ನು ಕೊಳ್ಳಲು ಬರುವುದಿಲ್ಲ. ಒಮ್ಮೆ ಮುನಿದು ಹೋದ ಆ ಜನರನ್ನು ಹೊಸ ಧಣಿಯಾದವನು ಮತ್ತೆ ಹೇಗೆ ಕರೆತರಬೇಕು?

ಸ್ವಲ್ಪ ಹೊತ್ತಿನ ಮೇಲೆ ಹುಡುಗ ತಾನಾಗಿಯೇ ಮಾತೆತ್ತಿದ. ೨೦೨೩ರ ಮಾರ್ಚ್ ೧೮ರ ರಾತ್ರಿ ಗೋವೆಯ ಮಡಗಾವಿನಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ. ಬೆಂಗಳೂರಿನವರೂ ಕಲಕತ್ತೆಯವರೂ ತಲಾ ಎರಡು ಗೋಲುಗಳಿಂದ ಸಮಸಮವಾಗಿ ನಿಂತರು. ಕೊನೆಗೆ ಪೆನಾಲ್ಟಿ ಹೊಡೆತಗಳಲ್ಲಿ ಕಲಕತ್ತೆಯವರು ೪-೩ರಿಂದ ಗೆದ್ದರು. "ನಾವು ಸೋತಿದ್ದಕ್ಕ ಅತ್ತಿವಿ ಅಜ್ಜಾರ. ಆದರ ಗೆದ್ದವರ ಮಂದಿ ಬಹುಮಾನಕ್ಕಿಂತ ಹೆಚ್ಚಾಗಿ ಹೆಸರಿನ ಸಲುವಾಗಿ ಕುಣದರು" ಎಂದ. ಅಜ್ಜನಿಗೆ ಇದು ಅರ್ಥವಾಗಲಿಲ್ಲ. ವಾಚಕರಲ್ಲಿಯೂ ಹಲವರಿಗೆ ಆಗಿರಲಾರದು. ಆದುದರಿಂದ ಆ ಹೆಸರಿನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಕಲಕತ್ತೆಯ ಮೋಹನ ಬಾಗಾನ್ ಕ್ಲಬ್ಬು ೧೮೮೯ರಲ್ಲಿ ಹುಟ್ಟಿದ ಸಂಸ್ಥೆ. ೧೯೧೧ರ ಜುಲೈ ೨೯ರಂದು ಅದರ ಹನ್ನೊಂದು ಮಂದಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಗೋರಾ ಸೈನಿಕರನ್ನು ೨-೧ ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದರು. ಅವರಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದ್ದರು. ಪರತಂತ್ರ ದೇಶವೊಂದಕ್ಕೆ ಅಂದಿನ ಆ ಎರಡು ಗೋಲುಗಳು ಬರಿಯ ಆಟದ ಗೋಲುಗಳಾಗಿ ಉಳಿಯಲಿಲ್ಲ. ಹಸಿರು ಮತ್ತು ಕಂದುಗೆಂಪು ಪಟ್ಟೆಗಳ ಅಂಗಿ, ಹಾಯಿದೋಣಿಯ ಲಾಂಛನ, 'ಮೋಹನ ಬಾಗಾನ್' ಎಂಬ ಹೆಸರು, ಇವು ಮೂರೂ ತಂದೆಯಿಂದ ಮಗನಿಗೆ ಆಸ್ತಿಯ ಹಾಗೆ ಬಂದವು. ಆ ಆಸ್ತಿಗೆ ಯಾವ ಕಾಗದಪತ್ರವೂ ಇರಲಿಲ್ಲ.

ಆದರೆ ಅಭಿಮಾನದಿಂದ ಆಟಗಾರರ ಹೊಟ್ಟೆ ತುಂಬುವುದಿಲ್ಲವಷ್ಟೆ. ಕಾಲ ಬದಲಾದಂತೆ ಆಟಕ್ಕೆ ಹಣ ಬೇಕಾಯಿತು. ೧೯೯೮ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಂಸ್ಥೆಯು ಮೋಹನ ಬಾಗಾನ್ ಮತ್ತು ಅದರ ಸಾಂಪ್ರದಾಯಿಕ ಎದುರಾಳಿಯಾದ ಈಸ್ಟ್ ಬೆಂಗಾಲ್, ಈ ಎರಡರ ಫುಟ್‌ಬಾಲ್ ವಿಭಾಗದಲ್ಲಿಯೂ ಅರ್ಧಾಂಶ ಪಾಲು ತೆಗೆದುಕೊಂಡಿತು. ಒಂದರ ಹೆಸರಿಗೆ ಮುಂದೆ ವಿಸ್ಕಿಯ ಹೆಸರೂ ಇನ್ನೊಂದರ ಹೆಸರಿಗೆ ಮುಂದೆ ಬಿಯರಿನ ಹೆಸರೂ ಬಂದು ಕುಳಿತವು. ಮುಂದೆ ಆ ಸಂಬಂಧ ಕಳಚಿತು. ಹೊಸ ಧಣಿಗಾಗಿ ಹುಡುಕಾಟ ಮತ್ತೆ ಮೊದಲಾಯಿತು.

೨೦೨೦ರ ಜನವರಿಯಲ್ಲಿ ಆ ಧಣಿ ದೊರೆತ. ಸಂಜೀವ ಗೋಯೆಂಕಾ ಅವರ ಉದ್ಯಮ ಸಮೂಹವು ಕ್ಲಬ್ಬಿನ ಫುಟ್‌ಬಾಲ್ ಕಂಪನಿಯಲ್ಲಿ ಪ್ರತಿಶತ ೮೦ ಪಾಲನ್ನು ಪಡೆಯಿತು. ಉಳಿದ ೨೦ ಹಳೆಯ ಕ್ಲಬ್ಬಿನ ಕೈಯಲ್ಲಿ ನಿಂತಿತು. ಹಣ ಬಂದಿತು, ಲೀಗಿನಲ್ಲಿ ಸ್ಥಾನ ಬಂದಿತು. ಜೊತೆಗೆ ಮೂರು ಅಕ್ಷರಗಳೂ ಬಂದವು. ಗೋಯೆಂಕಾ ಅವರಿಗೆ ಅದೇ ಊರಿನಲ್ಲಿ ೨೦೧೪ರಿಂದ ಬೇರೊಂದು ತಂಡವಿತ್ತು. ಅದಕ್ಕೆ 'ಎ.ಟಿ.ಕೆ.' ಎಂದು ಹೆಸರು. ಅದು ಮೂರು ಸಲ ಲೀಗನ್ನು ಗೆದ್ದ ಪ್ರಬಲ ತಂಡವೇ ಹೌದು. ಎರಡನ್ನೂ ಕೂಡಿಸಿ 'ಎ.ಟಿ.ಕೆ. ಮೋಹನ ಬಾಗಾನ್' ಎಂದು ನಾಮಕರಣ ಮಾಡಿದರು. ಹಸಿರು-ಕಂದುಗೆಂಪು ಅಂಗಿ ಉಳಿಯಿತು, ಹಾಯಿದೋಣಿಯೂ ಉಳಿಯಿತು. ದೋಣಿಯ ಲಾಂಛನದೊಳಗೆ ಮಾತ್ರ ಆ ಮೂರು ಅಕ್ಷರಗಳು ಏರಿ ಕುಳಿತವು.

ಧಣಿಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅನ್ಯಾಯವಾದರೂ ಏನು? ಬಣ್ಣವನ್ನು ಬಿಟ್ಟುಕೊಟ್ಟಿಲ್ಲವೆ, ಲಾಂಛನವನ್ನು ಉಳಿಸಿಲ್ಲವೆ, ಹಣ ಹಾಕಿದವನ ಗುರುತು ಹೆಸರಿನಲ್ಲಿ ಒಂದಿಷ್ಟು ಇದ್ದರೆ ತಪ್ಪೇನು ಎಂದು ಅವನು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಆದರೆ ಅಭಿಮಾನಿಗೆ ಆ ಮೂರು ಅಕ್ಷರಗಳು ನಿನ್ನೆಯವರೆಗೆ ಎದುರು ಸಾಲಿನಲ್ಲಿ ನಿಂತಿದ್ದವನ ಹೆಸರು. ಮನೆಯ ಹಿರಿಯರ ಹೆಸರಿನ ಮುಂದೆ ಪರರ ಮನೆತನದ ಹೆಸರನ್ನು ಬರೆದು, ಇನ್ನು ಮೇಲೆ ಹೀಗೆಯೇ ಕರೆಯಿರಿ ಎಂದರೆ ಯಾರು ಒಪ್ಪುತ್ತಾರೆ? 'ಎ.ಟಿ.ಕೆ. ತೆಗೆಯಿರಿ' ಎಂಬ ಕೂಗು ಕಲಕತ್ತೆಯ ಬೀದಿಯಲ್ಲಿಯೂ ಆಟದ ಅಟ್ಟಣೆಯಲ್ಲಿಯೂ ಎದ್ದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಂಡ ಸೋಲುತ್ತಿದ್ದುದರಿಂದ ಜನ ಮುನಿದದ್ದಲ್ಲ. ಕೂಡಿದ ಮೊದಲನೆಯ ವರ್ಷವೇ, ೨೦೨೧ರ ಮಾರ್ಚಿನಲ್ಲಿ, ತಂಡವು ಲೀಗಿನ ಅಂತಿಮ ಪಂದ್ಯದವರೆಗೆ ಹೋಗಿ ಮುಂಬಯಿಯವರಿಗೆ ಸೋತಿತ್ತು. ಒಳ್ಳೆಯ ಆಟಗಾರರಿದ್ದರು, ಸಂಬಳಕ್ಕೆ ಕೊರತೆಯಿರಲಿಲ್ಲ. ಹಾಗಿದ್ದರೂ ಮುನಿಸು ಇಳಿಯಲಿಲ್ಲ. ಗೆಲುವೆಂಬುದು ಎಲ್ಲ ಗಾಯಕ್ಕೂ ಮದ್ದು ಎಂದು ನಂಬಿದವರಿಗೆ ಇದು ಪಾಠವಾಗಬೇಕು.

ಕೊನೆಗೆ ಆ ರಾತ್ರಿ ಬಂದಿತು. ಮಡಗಾವಿನಲ್ಲಿ ಬೆಂಗಳೂರನ್ನು ಗೆದ್ದ ಕೂಡಲೇ ಗೋಯೆಂಕಾ ಅವರು, ಮುಂದಿನ ಋತುವಿನಿಂದ ತಂಡದ ಹೆಸರಿನಲ್ಲಿ ಎ.ಟಿ.ಕೆ. ಇರುವುದಿಲ್ಲ, ಮೋಹನ ಬಾಗಾನ್ ಸೂಪರ್ ಜೈಂಟ್ಸ್ ಎಂದು ಕರೆಯಲಾಗುವುದು ಎಂದು ಘೋಷಿಸಿದರು. ನಮ್ಮ ಹುಡುಗ ಕಂಡ ಕುಣಿತ ಅದೇ. ಧಣಿ ಆ ಹೊತ್ತನ್ನು ಆರಿಸಿಕೊಂಡದ್ದು ಜಾಣತನವೆಂದು ನನಗೆ ತೋರುತ್ತದೆ. ಸೋತಾಗ ಹೆಸರನ್ನು ಹಿಂದಕ್ಕೆ ಕೊಟ್ಟಿದ್ದರೆ ಅದು ಬೆದರಿಕೆಗೆ ಮಣಿದಂತಾಗುತ್ತಿತ್ತು. ಗೆದ್ದಾಗ ಕೊಟ್ಟುದರಿಂದ ಅದು ಉಡುಗೊರೆಯಾಯಿತು.

ಕಥೆ ಪೂರ್ಣ ಸುಖಾಂತವೆಂದು ಹೇಳಿದರೆ ಸುಳ್ಳಾದೀತು. 'ಸೂಪರ್ ಜೈಂಟ್ಸ್' ಎಂಬುದು ಇದೇ ಧಣಿಯ ಲಕ್ನೋ ಕ್ರಿಕೆಟ್ ತಂಡಕ್ಕೂ ಇರುವ ಬಾಲ. ಮುಂದೆ ಕುಳಿತಿದ್ದ ಹೆಸರು ಹಿಂದಕ್ಕೆ ಸರಿಯಿತೇ ಹೊರತು ಪೂರ್ತಿ ಇಳಿದು ಹೋಗಲಿಲ್ಲ. ಆದರೂ ಬಹುಮಂದಿ ಇದನ್ನು ಒಪ್ಪಿದರು. ತಮ್ಮ ಹೆಸರು ಮೊದಲು ಬರಬೇಕು, ಎದುರಾಳಿಯ ಹೆಸರು ಬೇಡ, ಇಷ್ಟೇ ಅವರ ಹಟವಾಗಿತ್ತು. ೨೦೨೪ರ ಏಪ್ರಿಲಿನಲ್ಲಿ ಮುಂಬಯಿಯನ್ನು ಸೋಲಿಸಿ ಲೀಗ್ ಷೀಲ್ಡ್ ಗೆದ್ದ ದಿನ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಮರುವರ್ಷ, ೨೦೨೫ರ ಏಪ್ರಿಲ್ ೧೨ರಂದು, ಅದೇ ಅಂಗಣದಲ್ಲಿ ಅಂತಿಮ ಪಂದ್ಯ. ಮತ್ತೆ ಬೆಂಗಳೂರೇ ಎದುರು, ಮತ್ತೆ ಸೋಲು ನಮ್ಮದೇ, ೨-೧. ನಮ್ಮ ಹುಡುಗನ ದುಃಖಕ್ಕೆ ಕೊನೆಯಿಲ್ಲ!

ಹಣವಂತನೊಬ್ಬ ಹೆಸರಿನ ಬದಲು ಬಣ್ಣವನ್ನೇ ಮುಟ್ಟಿದರೆ ಏನಾದೀತು? ವೇಲ್ಸಿನ ಕಾರ್ಡಿಫ್ ಸಿಟಿ ತಂಡ ನೀಲಿ ಅಂಗಿಯದು. 'ನೀಲಿ ಹಕ್ಕಿಗಳು' ಎಂದೇ ಅದಕ್ಕೆ ಅಡ್ಡಹೆಸರು. ಅದರ ಧಣಿ, ಮಲೇಷಿಯದ ವಿನ್ಸೆಂಟ್ ಟಾನ್, ೨೦೧೨ರಲ್ಲಿ ಅಂಗಿಯನ್ನು ಕೆಂಪಾಗಿಸಿದರು. ವಿಚಿತ್ರವೆಂದರೆ ಕೆಂಪು ಅಂಗಿಯಲ್ಲಿಯೇ ತಂಡ ೨೦೧೩ರಲ್ಲಿ ತನ್ನ ವಿಭಾಗವನ್ನು ಗೆದ್ದು ಇಂಗ್ಲೆಂಡಿನ ಅತ್ಯುನ್ನತ ಶ್ರೇಣಿಗೆ ಏರಿತು. ಜನ ಗೆಲುವನ್ನು ಸ್ವೀಕರಿಸಿದರು, ಕೆಂಪನ್ನು ಸ್ವೀಕರಿಸಲಿಲ್ಲ. ಮರುವರ್ಷವೇ ತಂಡ ಕೆಳಗಿಳಿಯಿತು. ೨೦೧೫ರ ಜನವರಿಯಲ್ಲಿ ಟಾನ್ ಅವರು ನೀಲಿಗೆ ಮರಳಿದರು. ತಪ್ಪಿದಲ್ಲಿಂದ ಹಿಂದಿರುಗುವುದು ಅವಮಾನವಲ್ಲ ಎಂಬುದನ್ನು ಆ ಧಣಿ ಮೂರು ವರ್ಷಕ್ಕೆ ಕಲಿತರು.

ಕಲಿಯದವರ ಗತಿಯೂ ಉಂಟು. ಲಂಡನ್ನಿನ ವಿಂಬಲ್ಡನ್ ತಂಡವನ್ನು ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಒಯ್ಯಲು ಧಣಿಗಳಿಗೆ ೨೦೦೨ರಲ್ಲಿ ಒಪ್ಪಿಗೆ ದೊರೆಯಿತು. ಅಭಿಮಾನಿಗಳು ಹಿಂದೆ ಹೋಗಲಿಲ್ಲ. ತಾವೇ ಕೂಡಿ ಅದೇ ವರ್ಷ ಹೊಸ ಕ್ಲಬ್ಬು ಕಟ್ಟಿ, ಊರಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿ, ತೀರ ಕೆಳಗಿನ ಶ್ರೇಣಿಯಿಂದ ಆಟ ಮೊದಲು ಮಾಡಿದರು. ಒಂಬತ್ತೇ ವರ್ಷಗಳಲ್ಲಿ, ೨೦೧೧ರಲ್ಲಿ, ಫುಟ್‌ಬಾಲ್ ಲೀಗನ್ನು ಮುಟ್ಟಿದರು. ೨೦೨೦ರ ನವೆಂಬರಿನಲ್ಲಿ ತಮ್ಮ ಹಳೆಯ ಬೀದಿಯಾದ ಪ್ಲೋ ಲೇನಿಗೆ ಮರಳಿ ಬಂದರು. ಧಣಿ ಒಯ್ದದ್ದು ತಂಡವನ್ನು. ಕ್ಲಬ್ಬು ಇದ್ದಲ್ಲಿಯೇ ಉಳಿದಿತ್ತು.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿಗೆ ಫುಟ್‌ಬಾಲ್ ಹೊಸತೆಂದು ತಿಳಿದವರಿದ್ದಾರೆ, ಅದು ತಪ್ಪು. ಬೆಂಗಳೂರು ಮುಸ್ಲಿಮ್ಸ್ ತಂಡ ೧೯೩೭ ಮತ್ತು ೧೯೩೮ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲಿನ 'ಪಂಚ ಪಾಂಡವ'ರಲ್ಲಿ ಒಬ್ಬರಾದ ಅಹಮದ್ ಖಾನರೂ ಬೆಂಗಳೂರಿನವರೇ. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿತ್ತು. ಕೊನೆಯ ಸಲ ೧೯೬೮-೬೯ರಲ್ಲಿ. ಅಲ್ಲಿಂದ ಮುಂದೆ ಅದೇ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು ೨೦೨೩ರ ಮಾರ್ಚಿನಲ್ಲಿ, ಐವತ್ತನಾಲ್ಕು ವರ್ಷಗಳ ತರುವಾಯ!

ಈ ದೀರ್ಘಾವಧಿಯಲ್ಲಿ ಆಟ ನಡೆದದ್ದು ಬಹುಮಟ್ಟಿಗೆ ಕಾರ್ಖಾನೆ ಮತ್ತು ಸೈನ್ಯದ ತಂಡಗಳಿಂದ: ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆ ಮುಂತಾದವು. ಅವು ಎಷ್ಟೋ ಆಟಗಾರರಿಗೆ ಅನ್ನ ಕೊಟ್ಟವು, ಆ ಋಣ ದೊಡ್ಡದು. ಆದರೆ ಊರಿನ ಹುಡುಗನೊಬ್ಬ 'ಇದು ನನ್ನದು' ಎಂದು ಎದೆ ತಟ್ಟಿ ಹೇಳಲು ಕಾರ್ಖಾನೆಯ ಹೆಸರು ಸಹಾಯಮಾಡಲಿಲ್ಲ. ಅಟ್ಟಣೆಗಳು ಬರಿದಾಗುತ್ತ ನಡೆದವು.

೨೦೧೩ರ ಜುಲೈಯಲ್ಲಿ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆ.ಎಸ್.ಡಬ್ಲ್ಯೂ. ಸಂಸ್ಥೆ ಹೊಸ ಕ್ಲಬ್ಬನ್ನು ತೆರೆದಾಗ ಮಾಡಿದ ಅತ್ಯಂತ ವಿವೇಕದ ಕೆಲಸವೆಂದರೆ, ತನ್ನ ಹೆಸರನ್ನು ಅದಕ್ಕೆ ಇಡದೆ ಊರಿನ ಹೆಸರನ್ನಿಟ್ಟದ್ದು. ಅದೂ 'ಬೆಂಗಳೂರು' ಎಂದು, ಕನ್ನಡದ ಉಚ್ಚಾರದಲ್ಲಿ. ಊರಿನ ಇಂಗ್ಲಿಷ್ ಹೆಸರು ಸರಕಾರದ ಕಾಗದದಲ್ಲಿ ಬೆಂಗಳೂರಾದದ್ದು ೨೦೧೪ರ ನವೆಂಬರ್ ೧ರಂದು. ಫುಟ್‌ಬಾಲಿನಲ್ಲಿ ಅದಕ್ಕಿಂತ ಒಂದು ವರ್ಷಕ್ಕೂ ಮೊದಲೇ ಆಗಿತ್ತು. ಅಶೋಕನಗರದ ಹಳೆಯ ಫುಟ್‌ಬಾಲ್ ಅಂಗಣದಲ್ಲಿ ಆಡಿ, ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದರು. ಮುಂದೆ ಕಂಠೀರವಕ್ಕೆ ಹೋದರು. ಅಲ್ಲಿ ಪಶ್ಚಿಮದ ಅಟ್ಟಣೆಯಲ್ಲಿ ನೀಲಿ ಅಂಗಿಯ ಹುಡುಗರು ತಾವಾಗಿಯೇ ಒಂದು ಕೂಟವಾದರು. ಪಂದ್ಯ ಮುಗಿದ ಮೇಲೆ ಆಟಗಾರರು ಆ ಅಟ್ಟಣೆಯೆದುರು ಬಂದು ನಿಂತು, ಅವರೊಡನೆ ಕೈತಟ್ಟುವ ಪರಿಪಾಠ ಬೆಳೆಯಿತು. ೨೦೧೬ರ ಅಕ್ಟೋಬರಿನಲ್ಲಿ ಮಲೇಷಿಯದ ಜೊಹೋರ್ ತಂಡವನ್ನು ೩-೧ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ ಮೊದಲ ಭಾರತೀಯ ಕ್ಲಬ್ಬಾದದ್ದು ಇದೇ ಜನರ ಕಣ್ಣೆದುರಿಗೆ.

ಜನರನ್ನು ಕರೆಯುವ ಬಗೆಯನ್ನು ತೋರಿಸಿಕೊಟ್ಟವರು ಆಗ ಈ ತಂಡದ ನಾಯಕರಾಗಿದ್ದ ಸುನಿಲ್ ಛೇತ್ರಿ. ೨೦೧೮ರ ಜೂನ್ ೧ರಂದು ಮುಂಬಯಿಯಲ್ಲಿ ಭಾರತ ತಂಡ ಚೀನೀ ತೈಪೆಯನ್ನು ೫-೦ ಗೋಲುಗಳಿಂದ ಸೋಲಿಸಿತು. ಛೇತ್ರಿಯವರದೇ ಮೂರು ಗೋಲು. ನೋಡಲು ಬಂದಿದ್ದವರು ೨,೫೬೯ ಮಂದಿ. ಮರುದಿನ ಅವರು ಚಲಚ್ಚಿತ್ರದ ಒಂದು ತುಣುಕಿನಲ್ಲಿ ಕೈಮುಗಿದು ಬೇಡಿಕೊಂಡರು. ನಮ್ಮ ಆಟ ಯೂರೋಪಿನ ಮಟ್ಟದ್ದಲ್ಲವೆಂದು ಅವರು ಮರೆಮಾಚಲಿಲ್ಲ. ಬಂದು ಬೈಯಿರಿ, ಟೀಕಿಸಿರಿ, ಆದರೆ ಬನ್ನಿ ಎಂಬುದು ಅವರ ಮಾತಿನ ಸಾರ. ಜೂನ್ ೪ರಂದು ಕೀನ್ಯದ ಎದುರು ಆಡುವಾಗ ಅಂಗಣ ಕಿಕ್ಕಿರಿದಿತ್ತು. ಮೂರು ದಿನಗಳಲ್ಲಿ ಆಟದ ಮಟ್ಟ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಜನರಿಗೆ ತಾವು ಬೇಕಾದವರು ಎಂಬುದು ತಿಳಿಯಿತು.

ಆದರೆ ಒಮ್ಮೆ ಗಳಿಸಿದ ವಿಶ್ವಾಸ ಪೆಟ್ಟಿಗೆಯಲ್ಲಿಟ್ಟ ಬಂಗಾರವಲ್ಲ, ದಿನವೂ ನೀರು ಬೇಡುವ ಕಬ್ಬಿನ ಗದ್ದೆ. ೨೦೨೩-೨೪ರಲ್ಲಿ ಬೆಂಗಳೂರು ಲೀಗಿನ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಯಿತು. ೨೦೨೫ರ ಜುಲೈಯಲ್ಲಿ, ಲೀಗು ನಡೆಸುವ ಒಪ್ಪಂದ ಮುಗಿಯಲು ಬಂದರೂ ಹೊಸದಾಗಿ ನವೀಕರಣವಾಗದೆ, ಮುಂದಿನ ಋತುವನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ ಬಾಧೆಯಿಲ್ಲವೆಂದೂ ಹೇಳಿತು. ತಪ್ಪು ಪೂರ್ತಿ ಧಣಿಯದೆಂದು ನಾನು ಹೇಳಲಾರೆ. ಅನಿಶ್ಚಿತ ಋತುವಿಗೆ ಯಾರು ತಾನೆ ಹಣ ಸುರಿದಾರು? ಆದರೆ ಕೈತಟ್ಟಿದ ಹುಡುಗನಿಗೆ ಅಂದು ಅಜ್ಜನ ಪ್ರಶ್ನೆ ನೇರವಾಗಿ ಎದೆಗೆ ನಾಟಿರಬೇಕು: ನಿಂದೇನೈತಿ ಅದರಾಗ?

ಈ ಪ್ರಶ್ನೆಗೆ ಕೆಲವು ದೇಶಗಳು ಕಟ್ಟಳೆಯಲ್ಲಿಯೇ ಉತ್ತರ ಬರೆದಿವೆ. ಜರ್ಮನಿಯಲ್ಲಿ ೧೯೯೮ರಿಂದ ಇರುವ ನಿಯಮದಂತೆ, ಕೆಲವು ಅಪವಾದಗಳನ್ನು ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಂಘದ ಕೈಯಲ್ಲಿಯೇ ಇರಬೇಕು. ಧಣಿ ಹಣ ಹಾಕಬಹುದು, ಕ್ಲಬ್ಬನ್ನು ನುಂಗಲಾರ. ಇಂಗ್ಲೆಂಡಿನಲ್ಲಿ ೨೦೨೫ರ ಜುಲೈಯಲ್ಲಿ ಆದ ಫುಟ್‌ಬಾಲ್ ಕಾಯಿದೆ, ಆಟಕ್ಕೆ ಸ್ವತಂತ್ರ ನಿಯಂತ್ರಕನೊಬ್ಬನನ್ನು ನೇಮಿಸಿ, ಲಾಂಛನ ಮತ್ತು ಅಂಗಿಯ ಬಣ್ಣಗಳನ್ನು ಅಭಿಮಾನಿಗಳ ಬೆಂಬಲವಿಲ್ಲದೆ ಬದಲಿಸಬಾರದೆಂಬ ರಕ್ಷಣೆಯನ್ನು ಒದಗಿಸಿದೆ. ಕಾರ್ಡಿಫಿನ ಕೆಂಪು ಅಂಗಿಯ ನೆನಪು ಆ ಕಾಯಿದೆಯ ಹಿಂದೆ ಇಲ್ಲವೆಂದು ಯಾರು ಹೇಳಿಯಾರು?

ಒಡೆತನವೆಂದರೇನು ಎಂಬುದನ್ನು ತಿಳಿಯಲು ಸಾವಳಗಿಯವರು ಜರ್ಮನಿಗೆ ಹೋಗಬೇಕಾದ ಅಗತ್ಯವಿಲ್ಲ. ಜಮಖಂಡಿ ತಾಲ್ಲೂಕಿನಲ್ಲಿಯೇ, ಚಿಕ್ಕಪಡಸಲಗಿಯ ಬಳಿ, ಕೃಷ್ಣೆಗೆ ಅಡ್ಡವಾಗಿ ಒಂದು ಬ್ಯಾರೇಜು ನಿಂತಿದೆ. ೧೯೮೯ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕಟ್ಟಿದ್ದು ಅದು. ಅದರ ಹೆಸರು 'ಶ್ರಮಬಿಂದು ಸಾಗರ'. ಆ ಹೆಸರಿನಲ್ಲಿ ಯಾವ ಧಣಿಯೂ ಇಲ್ಲ, ಬೆವರಿನ ಹನಿಯಿದೆ. ಯಾರ ಬೆವರು ಬಿದ್ದಿದೆಯೋ ಅವರದೇ ಒಡೆತನ. ಕಂಠೀರವದ ಪಶ್ಚಿಮ ಅಟ್ಟಣೆಯಲ್ಲಿ ಗಂಟಲು ಹರಿದುಕೊಂಡವನದು ಬೆವರಲ್ಲವೆ? ಸಾಲ್ಟ್ ಲೇಕಿಗೆ ಮೂರು ತಲೆಮಾರಿನಿಂದ ಬರುತ್ತಿರುವವನದು ಬೆವರಲ್ಲವೆ?

ಹೊಸ ಧಣಿಯಾಗಿ ಬಂದವನಿಗೆ ನಾನು ಹೇಳಬಹುದಾದುದು ಇಷ್ಟೇ. ಆಟಗಾರರ ಸಂಬಳವನ್ನು ಸಕಾಲಕ್ಕೆ ಕೊಡು. ಹೆಸರು, ಬಣ್ಣ, ಲಾಂಛನ, ಅಂಗಣ, ಈ ನಾಲ್ಕನ್ನು ನಿನ್ನದೆಂದು ತಿಳಿಯಬೇಡ. ನಿನ್ನ ವಶದಲ್ಲಿಟ್ಟ ಊರಿನ ಠೇವಣಿಯೆಂದು ತಿಳಿ. ತಪ್ಪಾದರೆ ತಪ್ಪಾಯಿತೆಂದು ಬಹಿರಂಗವಾಗಿ ಹೇಳಿ ಹಿಂದಕ್ಕೆ ಕೊಡು. ಕಷ್ಟ ಬಂದಾಗ ಜನರಿಗೆ ಎಲ್ಲಕ್ಕಿಂತ ಮೊದಲು ತಿಳಿಸು. ವರ್ತಮಾನ ಪತ್ರಿಕೆಯಿಂದ ಅವರಿಗೆ ತಿಳಿಯುವ ಹಾಗೆ ಮಾಡಬೇಡ. ಆಮೇಲೆ ಗೆಲುವು ಬಂದರೆ ಬರಲಿ. ಸೋತರೂ ಅವರು ಬರುತ್ತಾರೆ. ಎರಡು ಸಲ ಅಂತಿಮ ಪಂದ್ಯದಲ್ಲಿ ಸೋತ ಮೇಲೂ ನೀಲಿ ಅಂಗಿ ಹಾಕಿಕೊಂಡು ಸಾವಳಗಿಯವರೆಗೆ ಬಂದ ಹುಡುಗನೇ ಅದಕ್ಕೆ ಸಾಕ್ಷಿ.

ಚಹದಂಗಡಿಯಲ್ಲಿ ಮಾತು ಕೊನೆಗೆ ಬಂದಿತ್ತು. ಅಜ್ಜ ಬಟ್ಟಲನ್ನು ಕೆಳಗಿಟ್ಟು, ತಮ್ಮ ಗರಡಿಯ ದಿನಗಳನ್ನು ನೆನೆದುಕೊಂಡರು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಕೂಡಿಸಿ ಹದ ಮಾಡುವಾಗ ಮನೆಮನೆಯಿಂದಲೂ ಏನಾದರೊಂದು ಬರುತ್ತಿತ್ತಂತೆ. ಕುಸ್ತಿಯ ಇನಾಮು ಕೊಡುವವರು ಮಾತ್ರ ವರ್ಷಕ್ಕೊಬ್ಬರು.

"ಇನಾಮು ಕೊಡಾವ ಬ್ಯಾರೆ ತಮ್ಮಾ, ಮಣ್ಣು ಹದ ಮಾಡಾವ್ರು ಬ್ಯಾರೆ" ಎಂದರು. "ಧಣಿ ಬರತಾನ, ಹೋಗತಾನ. ನೀ ಹೋಗೂದು ಬಿಡಬ್ಯಾಡ."

ಬಸ್ಸು ಬಂದಿತು. ಹುಡುಗ ಎದ್ದು ಅಜ್ಜನ ಕಾಲು ಮುಟ್ಟಿ ನಮಸ್ಕರಿಸಿದ. ಅಜ್ಜ ಅವನ ಅಂಗಿಯ ತೋಳನ್ನು ಬೆರಳಿನಲ್ಲಿ ಹಿಡಿದು ನೋಡಿ ಹೇಳಿದರು: "ಬಿಸಲಾಗ ಒಣಗಿ ಹಾಕಬ್ಯಾಡ. ಬಣ್ಣಾ ಹೋದೀತು."